ಮುಗಿದ ಸೂತಕ, ಮುಗಿಯದ ಸೂತಕ: ಚಿತ್ರಕೂಟದ ಸೋದರವಾದ ಮತ್ತು ಮಲೆನಾಡಿನ ಪ್ರೇಕ್ಷಕ

ರಮಾನಂದ ಸಾಗರರ ‘ರಾಮಾಯಣ’ ಧಾರಾವಾಹಿ ದೂರದರ್ಶನದಲ್ಲಿ ಮುಗಿದು ಆರು ತಿಂಗಳು ತುಂಬುವುದರೊಳಗೆ, 1989ರ ಜನವರಿಯ ‘ಸೆಮಿನಾರ್’ ಸಂಚಿಕೆಯಲ್ಲಿ, ರೊಮಿಲಾ ಥಾಪರ್ ಒಂದು ಆತಂಕವನ್ನು ಮುಂದಿಟ್ಟರು. ನೂರಾರು ಬಾಯಲ್ಲಿ ನೂರಾರು ಬಗೆಯಾಗಿ ಬದುಕಿದ್ದ ರಾಮಕಥೆ ಇನ್ನು ಮುಂದೆ ದೇಶಕ್ಕೆಲ್ಲ ಒಂದೇ ಎಂಬಂತಾಗುತ್ತದೆ, ಸರಕಾರಿ ವಾಹಿನಿಯ ಮುದ್ರೆ ಬಿದ್ದ ಪಾಠವೇ ಪ್ರಮಾಣವಾಗಿ ಉಳಿದವು ಮೂಲೆಗುಂಪಾಗುತ್ತವೆ ಎಂಬುದು ಅದರ ಸಾರ. ಮರುವರ್ಷ ಫಿಲಿಪ್ ಲುಟ್ಗೆಂಡಾರ್ಫ್ ‘ದಿ ಡ್ರಾಮಾ ರಿವ್ಯೂ’ ಪತ್ರಿಕೆಯಲ್ಲಿ ಬೇರೆ ದಾರಿ ಹಿಡಿದರು. ಧಾರಾವಾಹಿಯ ನಿಧಾನಗತಿ, ಪಾತ್ರಗಳ ಮುಖದ ಮೇಲೆ ನಿಂತೇ ಇರುವ ಕ್ಯಾಮರಾ, ಮಾತಿನ ಹಿಗ್ಗುವಿಕೆ ಇವೆಲ್ಲ ಉತ್ತರ ಭಾರತದ ಕಥಾವಾಚನ ಮತ್ತು ರಾಮಲೀಲೆಗಳ ಮುಂದುವರಿಕೆ ಎಂದು ಅವರು ತೋರಿಸಿದರು. ಆಮೇಲೆ ಪೂರ್ಣಿಮಾ ಮಂಕೇಕರ್ (1999) ದಿಲ್ಲಿಯ ಮನೆಗಳ ನೋಡುಗರ ಬಗ್ಗೆ, ಅರವಿಂದ ರಾಜಗೋಪಾಲ್ (2001) ಧಾರಾವಾಹಿಯ ರಾಜಕೀಯ ಫಲದ ಬಗ್ಗೆ ಬರೆದರು. ಎ. ಕೆ. ರಾಮಾನುಜನ್ನರ ‘ಮುನ್ನೂರು ರಾಮಾಯಣ’ಗಳ ಪ್ರಬಂಧ ಈ ಎಲ್ಲ ಚರ್ಚೆಯ ಹಿನ್ನೆಲೆಯಲ್ಲಿ ಸದಾ ಇದೆ. ಇಷ್ಟರ ಮಟ್ಟಿಗೆ ಈಗ ತಕರಾರಿಲ್ಲ, ಪುನರುಕ್ತಿಯೂ ಬೇಡ.

ನನ್ನ ತಕರಾರು ಇರುವುದು ಈ ಎರಡೂ ಪಕ್ಷಗಳು ಒಪ್ಪಿಕೊಂಡೇ ಹೊರಟ ಒಂದು ವಿಷಯದಲ್ಲಿ. ಏಕರೂಪತೆಗೆ ಹೆದರಿದವರೂ ಪರಂಪರೆಯನ್ನು ಕಂಡವರೂ ಪರದೆಯ ಮೇಲೆ ಯಾವ ಪಾಠ ಬಂತು ಎಂಬುದನ್ನೇ ಅಳೆದರು. ನೋಡುಗ ಯಾವ ಪ್ರಶ್ನೆಯನ್ನು ಮನೆಯಿಂದಲೇ ತಂದು ಪರದೆಯ ಮುಂದೆ ಕುಳಿತ ಎಂಬುದನ್ನು ಅಳೆಯಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಂಥ ಕಡೆ ಈ ಅಳತೆ ತಪ್ಪುತ್ತದೆ. ಇಲ್ಲಿ ರಾಮಾಯಣದ ಪಾತ್ರಗಳು ಪರದೆಗೆ ಬರುವ ಎಷ್ಟೋ ಕಾಲದ ಹಿಂದಿನಿಂದಲೂ ಎದುರುಬದುರು ಕುಳಿತು ವಾದಿಸುತ್ತ ಬಂದವರು. ಮಳೆಗಾಲದ ರಾತ್ರಿ ದೇವಸ್ಥಾನದ ಪೌಳಿಯಲ್ಲೋ ದೊಡ್ಡ ಮನೆಯ ಜಗಲಿಯಲ್ಲೋ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳಿ ಬಿಟ್ಟುಕೊಟ್ಟ ಮೇಲೆ ಉಳಿಯುವುದು ಅರ್ಥಧಾರಿಗಳ ಮಾತು ಮಾತ್ರ. ಕೇಳುವವನ ಕೆಲಸವೂ ಮಾತನ್ನು ತೂಗುವುದೇ. ಮರುದಿನ ತೋಟದ ಕೆಲಸದ ನಡುವೆ, ಸೊಸೈಟಿಯ ಕಟ್ಟೆಯ ಮೇಲೆ ಆ ತೂಕ ಮುಂದುವರಿಯುತ್ತದೆ: ರಾಮನ ಮಾತು ನಿಂತಿತೇ, ಭರತನಿಗೆ ಎದುರು ಅರ್ಥ ಸಾಕಾಯಿತೇ, ಲಕ್ಷ್ಮಣನಿಗೆ ಅಷ್ಟು ಸಿಟ್ಟು ಬೇಕಿತ್ತೇ. ಇಂದು ಯಾವ ಅಭಿಮಾನಿಗಳ ಚರ್ಚೆಯನ್ನು ಹೊಸ ಮಾಧ್ಯಮದ ಸಂತಾನವೆಂದು ಬರೆಯುತ್ತಾರೋ ಅದು ಈ ಸೀಮೆಯಲ್ಲಿ ಕಲೆಯ ಅಂಗವೇ ಆಗಿತ್ತು.

ಈ ವಾದಕ್ಕೆ ನಾನು ಆರಿಸಿಕೊಂಡದ್ದು ಒಂದೇ ಸನ್ನಿವೇಶ: ತಂದೆ ಸತ್ತ ಮೇಲೆ ಚಿತ್ರಕೂಟದಲ್ಲಿ ರಾಮ–ಭರತರ ನಡುವೆ ನಡೆಯುವ ವಾಗ್ವಾದ. ಯಕ್ಷಗಾನದಲ್ಲಿ ಇದು ‘ಭರತಾಗಮನ’, ‘ಪಾದುಕಾ ಪ್ರದಾನ’ ಎಂಬ ಹೆಸರುಗಳಿಂದ ಬಳಕೆಯಲ್ಲಿದೆ; ಪದ್ಯಗಳು ಕುಂಬಳೆಯ ಪಾರ್ತಿಸುಬ್ಬನವೆಂದು ಪ್ರಸಿದ್ಧ. ಸುಬ್ಬನ ಕಾಲ, ಊರು, ಕರ್ತೃತ್ವಗಳ ಬಗ್ಗೆ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟರ ನಡುವಿನ ಜಗಳ ಈ ಲೇಖನಕ್ಕೆ ಬೇಕಿಲ್ಲ. ಧಾರಾವಾಹಿಯಲ್ಲಿ ಅರುಣ್ ಗೋವಿಲ್ ರಾಮ, ಸಂಜಯ್ ಜೋಗ್ ಭರತ. ಈ ಸನ್ನಿವೇಶದ ಬಗ್ಗೆ ರೂಢಿಯ ಅಭಿಪ್ರಾಯ ಒಂದಿದೆ. ಇಲ್ಲಿ ನಿಜವಾದ ವಿರೋಧವೇ ಇಲ್ಲ, ಇಬ್ಬರೂ ರಾಜ್ಯ ಬೇಡವೆನ್ನುವವರು, ಆದ್ದರಿಂದ ಇದು ವಾದದ ಪ್ರಸಂಗವಲ್ಲ, ಭ್ರಾತೃಪ್ರೇಮದ ಕರುಣರಸದ ಪ್ರಸಂಗ ಎಂಬುದು. ವಾಲಿವಧೆಯಲ್ಲಿ ಅಣ್ಣತಮ್ಮಂದಿರ ಕಲಹ ಕಣ್ಣಿಗೆ ಕಾಣುತ್ತದೆ, ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಮನೆಮಾತಾದದ್ದು ಅದಕ್ಕೇ. ಚಿತ್ರಕೂಟದಲ್ಲಿ ಕಾಣುವುದು ಕಣ್ಣೀರು ಮಾತ್ರ ಎನ್ನುತ್ತಾರೆ. ಈ ಅಭಿಪ್ರಾಯ ಸರಿಯಲ್ಲ ಎಂಬುದು ನನ್ನ ನಿಲುವು. ಚಿತ್ರಕೂಟದಲ್ಲಿ ನಡೆಯುವುದು ನಿಜವಾದ ವ್ಯಾಜ್ಯ. ಅದರ ಮೂಲ ಸಿಂಹಾಸನದಲ್ಲಿಲ್ಲ, ಸೂತಕದಲ್ಲಿದೆ.

ವಾಲ್ಮೀಕಿಯ ಅಯೋಧ್ಯಾಕಾಂಡದಿಂದ ಆರಂಭಿಸಬಹುದು. ಸರ್ಗಸಂಖ್ಯೆಗಳನ್ನು ದಕ್ಷಿಣದಲ್ಲಿ ರೂಢಿಯಲ್ಲಿರುವ ಪಾಠದಂತೆ ಕೊಟ್ಟಿದ್ದೇನೆ. ಹದಿನಾಲ್ಕನೆಯ ಸರ್ಗದಲ್ಲಿ ದಶರಥ ಕೈಕೇಯಿಗೆ ಹೇಳುವ ಮಾತೊಂದಿದೆ: ಪಟ್ಟಾಭಿಷೇಕಕ್ಕೆಂದು ಕೂಡಿಸಿದ ಇದೇ ಸಾಮಗ್ರಿಯಿಂದ ರಾಮ ನನಗೆ ತರ್ಪಣ ಬಿಡಲಿ, ನೀನೂ ನಿನ್ನ ಮಗನೂ ನನಗೆ ನೀರು ಬಿಡಕೂಡದು. ಇಲ್ಲಿ ನಿಷೇಧ ನೇರವಾಗಿದೆ. ನಲವತ್ತೆರಡನೆಯ ಸರ್ಗದಲ್ಲಿ ಅದು ಷರತ್ತಾಗಿ ಬದಲಾಗುತ್ತದೆ. ರಾಮನ ರಥ ಕಣ್ಮರೆಯಾಗಿ, ಧೂಳೂ ಅಡಗಿದ ಮೇಲೆ ಕುಸಿದ ರಾಜನ ಬಲಕ್ಕೆ ಕೌಸಲ್ಯೆ, ಎಡಕ್ಕೆ ಕೈಕೇಯಿ ಇದ್ದಾರೆ. ತನ್ನನ್ನು ಮುಟ್ಟಬೇಡವೆಂದು ಕೈಕೇಯಿಯನ್ನು ತಡೆದು ಅವನು ಹೇಳುತ್ತಾನೆ: ರಾಜ್ಯ ಸಿಕ್ಕಿತೆಂದು ಭರತ ಸಂತೋಷಪಟ್ಟನಾದರೆ ಅವನು ಪಿತೃಕಾರ್ಯದಲ್ಲಿ ಕೊಟ್ಟದ್ದು ನನ್ನನ್ನು ಬಂದು ಮುಟ್ಟದಿರಲಿ. ವ್ಯಾಖ್ಯಾನಗಳು ಸಾಮಾನ್ಯವಾಗಿ ಇದನ್ನು ದುಃಖಿತನ ಕಟುನುಡಿಯೆಂದು ಬಿಟ್ಟು ಮುಂದೆ ಹೋಗುತ್ತವೆ. ಆದರೆ ಕಥೆಯ ಕಟ್ಟಡದಲ್ಲಿ ಈ ಮಾತಿನ ಭಾರ ದೊಡ್ಡದು. ಭರತನ ಮೇಲೆ ಇದು ಹೂಡಿದ ಹೊಣೆ ರಾಜ್ಯವನ್ನು ಬಿಡುವುದಷ್ಟೇ ಅಲ್ಲ. ರಾಜ್ಯವನ್ನು ಒಪ್ಪಿಕೊಂಡರೆ ತಂದೆಗೆ ತಾನು ಹಾಕಿದ ಪಿಂಡವೇ ವ್ಯರ್ಥ.

ಈಗ ಭರತ ಬಂದ ಮೇಲಿನ ಘಟನೆಗಳ ಅನುಕ್ರಮ ನೋಡಬೇಕು. ಮಕ್ಕಳಾರೂ ಊರಲ್ಲಿಲ್ಲದೆ ಸಂಸ್ಕಾರ ಸಲ್ಲದೆಂದು ಅಮಾತ್ಯರು ರಾಜನ ಶವವನ್ನು ಎಣ್ಣೆಯ ಕೊಪ್ಪರಿಗೆಯಲ್ಲಿಟ್ಟು ಕಾದಿದ್ದಾರೆ. ಕೇಕಯಕ್ಕೆ ಹೋದ ದೂತರು ಸಾವಿನ ಸುದ್ದಿ ಮುಚ್ಚಿಟ್ಟು ಭರತನನ್ನು ಕರೆತಂದಿದ್ದಾರೆ. ಅವನಿಗೆ ವಿಷಯ ತಿಳಿಯುವುದು ತಾಯಿಯ ಬಾಯಿಂದ. ಅವಳನ್ನು ಬೈದು ಅವನು ಮೊದಲು ಹೋಗುವುದು ಶವದ ಬಳಿಗಲ್ಲ, ಕೌಸಲ್ಯೆಯ ಬಳಿಗೆ. ಅವಳಿಗೆ ಅವನ ಮೇಲೆ ಸಂಶಯ. ಎಪ್ಪತ್ತೈದನೆಯ ಸರ್ಗದಲ್ಲಿ ಅವನು ಸಾಲುಸಾಲಾಗಿ ಆಣೆಯಿಡುತ್ತಾನೆ: ಅಣ್ಣನ ವನವಾಸಕ್ಕೆ ಯಾರ ಸಮ್ಮತಿಯಿತ್ತೋ ಅವನಿಗೆ ಇಂಥಿಂಥ ಪಾಪ ತಟ್ಟಲಿ. ಕೌಸಲ್ಯೆ ಅವನನ್ನು ಮಡಿಲಿಗೆ ತೆಗೆದುಕೊಂಡ ಮೇಲೆಯೇ, ಮರುಸರ್ಗದಲ್ಲಿ, ವಸಿಷ್ಠರು ಸಂಸ್ಕಾರಕ್ಕೆ ಎಬ್ಬಿಸುತ್ತಾರೆ. ಆಣೆ ಮೊದಲು, ಅಗ್ನಿ ಆಮೇಲೆ. ದಶರಥನ ಷರತ್ತನ್ನು ಕಿವಿಯಾರೆ ಕೇಳಿದ್ದ ಕೌಸಲ್ಯೆಯ ಮುಂದೆಯೇ ಈ ಶುದ್ಧೀಕರಣ ನಡೆಯಬೇಕಾಗಿ ಬಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕರ್ಮ ಮಾಡುವ ಮಗನ ಅರ್ಹತೆಯನ್ನು ಸಾಕ್ಷಿಯೆದುರು ಸಾಬೀತುಪಡಿಸುವ ಕಲಾಪವಾಗಿ ಇದನ್ನು ಓದಬಹುದು.

ಮುಂದಿನ ದಿನಗಳ ಲೆಕ್ಕವನ್ನು ಕವಿ ಎಚ್ಚರದಿಂದ ಇಟ್ಟಿದ್ದಾನೆ. ಹತ್ತು ದಿನ ಕಳೆದು ಶುದ್ಧಿ; ಹನ್ನೆರಡನೆಯ ದಿನ ಶ್ರಾದ್ಧ; ಹದಿಮೂರನೆಯ ದಿನ ಮುಂಜಾನೆ ಭರತ ಚಿತೆಯ ಜಾಗಕ್ಕೆ ಹೋಗಿ ಬೂದಿಯಲ್ಲಿ ಉಳಿದ ಮೂಳೆಗಳನ್ನು ಕಂಡು ನೆಲಕ್ಕೆ ಬೀಳುತ್ತಾನೆ, ಅವನನ್ನು ಕಂಡು ಶತ್ರುಘ್ನನೂ ಬೀಳುತ್ತಾನೆ. ಹದಿನಾಲ್ಕನೆಯ ದಿನ ಬೆಳಗಾಗುತ್ತಲೇ ರಾಜ್ಯದ ಹಿರಿಯರು ಬಂದು ಪಟ್ಟಕ್ಕೇರು ಎನ್ನುತ್ತಾರೆ. ಉತ್ತರಕ್ರಿಯೆ ಮುಗಿದು ವೈಕುಂಠ ಸಮಾರಾಧನೆಯ ಎಲೆ ಎತ್ತಿದ ಮರುದಿನವೇ ಪೌತಿ ಖಾತೆಯ ಮಾತು ತೆಗೆಯುವ ನೆಂಟರನ್ನು ಬಲ್ಲ ಅಡಿಕೆ ತೋಟದ ಮನೆಗಳಿಗೆ ಈ ದಿನಗಣನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಭರತ ಒಪ್ಪುವುದಿಲ್ಲ, ಅಭಿಷೇಕ ಸಾಮಗ್ರಿಯನ್ನೆಲ್ಲ ಮುಂದಿಟ್ಟುಕೊಂಡು ಕಾಡಿಗೆ ಹೊರಡುತ್ತಾನೆ. ದಶರಥ ತನ್ನ ತರ್ಪಣಕ್ಕೆ ಬಳಸಿ ಎಂದಿದ್ದ ಸಾಮಗ್ರಿಯೇ ಇದು. ಒಂದು ಅರ್ಥದಲ್ಲಿ ಅವನು ಅಣ್ಣನ ಬಳಿಗೆ ಒಯ್ಯುತ್ತಿರುವುದು ಪಟ್ಟ ಮತ್ತು ಪಿಂಡ ಎರಡನ್ನೂ. ಇದು ನನ್ನ ಓದು. ಪಠ್ಯ ಹೀಗೆಂದು ಬಾಯಿಬಿಟ್ಟು ಹೇಳುವುದಿಲ್ಲ.

ಚಿತ್ರಕೂಟದ ಕಡೆ ಏನಾಗುತ್ತದೆ? ಸಾಲವೃಕ್ಷ ಹತ್ತಿದ ಲಕ್ಷ್ಮಣ ಕೋವಿದಾರ ಧ್ವಜ ಕಂಡು, ರಾಜ್ಯ ಪಡೆದ ಭರತ ನಮ್ಮನ್ನು ಮುಗಿಸಲು ಬಂದನೆಂದು ಕೆರಳುತ್ತಾನೆ. ಶೋಕದ ಮೆರವಣಿಗೆಯನ್ನು ಅವನು ದಂಡಯಾತ್ರೆಯೆಂದು ಓದಿದ. ರಾಜ್ಯ ಬೇಕಾದರೆ ಭರತನಿಗೆ ಹೇಳಿ ನಿನಗೇ ಕೊಡಿಸುತ್ತೇನೆ ಎಂದು ರಾಮ ಚುಚ್ಚಿದಾಗ ಅವನು ನಾಚಿ ಕುಗ್ಗುತ್ತಾನೆ. ತಾಳಮದ್ದಳೆಯಲ್ಲಿ ಲಕ್ಷ್ಮಣನಿಗೆ ಇಲ್ಲಿ ಒಳ್ಳೆಯ ಅವಕಾಶ, ಪ್ರೇಕ್ಷಕರ ಒಲವೂ ಎಷ್ಟೋ ಸಲ ಅವನ ಕಡೆಗೇ. ಸೈನ್ಯ ಕಟ್ಟಿಕೊಂಡು ಬಂದವನನ್ನು ಶಂಕಿಸದಿರುವುದು ಹೇಗೆ? ಆದರೆ ಗಮನ ಸೆಳೆಯಬೇಕಾದ ವಿವರ ಅದಲ್ಲ. ಅದೇ ಸಂದರ್ಭದಲ್ಲಿ ರಾಮ ಸೇನೆಯ ಮುಂದೆ ತೂಗಾಡುತ್ತ ಬರುತ್ತಿರುವ ಶತ್ರುಂಜಯವೆಂಬ ಮುದಿ ಆನೆಯನ್ನು ಗುರುತಿಸುತ್ತಾನೆ. ಅದು ತಂದೆಯ ಆನೆ. ಆದರೆ ತಂದೆಯ ಬೆಳ್ಗೊಡೆ ಮಾತ್ರ ಕಾಣುತ್ತಿಲ್ಲ. ನನಗೇಕೋ ಸಂಶಯವಾಗುತ್ತಿದೆ ಎಂದು ಹೇಳಿ ಲಕ್ಷ್ಮಣನನ್ನು ಮರದಿಂದ ಇಳಿಯಲು ಹೇಳುತ್ತಾನೆ. ಸಾವಿನ ಮೊದಲ ವಾರ್ತೆ ಬಂದದ್ದು ಭರತನಿಂದಲ್ಲ, ಆನೆಯ ಮೇಲೆ ಇಲ್ಲದ ಕೊಡೆಯಿಂದ.

ಈ ಕೊಡೆಯನ್ನು ನೆನಪಿನಲ್ಲಿಟ್ಟುಕೊಂಡರೆ ನೂರನೆಯ ಸರ್ಗ ಬೇರೆಯಾಗಿ ಕೇಳಿಸುತ್ತದೆ. ಜಟೆ ಕಟ್ಟಿ ನಾರುಡೆಯುಟ್ಟು ಕಾಲಿಗೆ ಬಿದ್ದ ಭರತನನ್ನು ಎತ್ತಿ ರಾಮ ಮೊದಲು ಕೇಳುವುದೇ ತಂದೆ ಎಲ್ಲಿ ಎಂದು. ಅವನು ಬದುಕಿರುವಾಗ ನೀನು ಹೀಗೆ ಕಾಡಿಗೆ ಬರಲಾರೆ ಎಂದೂ ಹೇಳುತ್ತಾನೆ. ಉತ್ತರಕ್ಕೆ ಅಲ್ಲಿ ಎಡೆಯಿದೆ. ಆದರೆ ಅವನು ಬಿಡುವು ಕೊಡುವುದಿಲ್ಲ. ಮಂತ್ರಿಗಳು ಹೇಗಿದ್ದಾರೆ, ಕೋಟೆಯಲ್ಲಿ ದವಸವಿದೆಯೇ, ಆಳುಗಳಿಗೆ ಸಂಬಳ ಹೊತ್ತಿಗೆ ಸಲ್ಲುತ್ತಿದೆಯೇ, ಕೃಷಿಕರು ಸುಖವೇ ಎಂದು ಒಂದರ ಮೇಲೊಂದು ಪ್ರಶ್ನೆ. ಇದೇ ಬಗೆಯ ಪ್ರಶ್ನಾವಳಿ ಮಹಾಭಾರತದ ಸಭಾಪರ್ವದಲ್ಲಿ ನಾರದನ ಬಾಯಲ್ಲಿ ಬರುವುದರಿಂದ ಇದನ್ನು ಎಲ್ಲಿಂದಲೋ ತಂದು ಸೇರಿಸಿದ ರಾಜನೀತಿಯ ಪಾಠವೆಂದು ಕಡೆಗಣಿಸುವುದುಂಟು. ಸೇರಿಸಿದ್ದೇ ಇರಬಹುದು. ಆದರೂ ಸೇರಿಸಿದವನು ಅದನ್ನು ಎಲ್ಲಿಟ್ಟ ಎಂಬುದು ಪ್ರಶ್ನೆಯಾಗಿ ಉಳಿಯುತ್ತದೆ. ಕೊಡೆಯ ಸಂಶಯಕ್ಕೂ ಸಾವಿನ ಸುದ್ದಿಗೂ ನಡುವೆ ಅದು ಕುಳಿತಿದೆ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಿದವನು ಉತ್ತರ ಬಾರದಂತೆ ಮಾತಾಡುತ್ತಲೇ ಹೋಗುವುದನ್ನು ಸಾವಿನ ಮನೆ ಕಂಡವರು ಬಲ್ಲರು. ಅರ್ಥಧಾರಿಗೆ ಇದಕ್ಕಿಂತ ಫಲವತ್ತಾದ ಜಾಗ ಅಯೋಧ್ಯಾಕಾಂಡದಲ್ಲಿ ಇನ್ನೊಂದಿಲ್ಲ; ರಾಜನೀತಿಯ ಪಾಂಡಿತ್ಯ ತೋರಿಸಲು ಮಾತ್ರ ಇದನ್ನು ಬಳಸುವವರು ಅರ್ಧವನ್ನು ಕಳೆದುಕೊಳ್ಳುತ್ತಾರೆ.

ಸುದ್ದಿ ಕೇಳಿ ರಾಮ ಮೂರ್ಛೆ ಹೋಗುತ್ತಾನೆ. ಎದ್ದು ಮಂದಾಕಿನಿಗೆ ಇಳಿದು ದಕ್ಷಿಣಕ್ಕೆ ಮುಖಮಾಡಿ ನೀರು ಬಿಡುತ್ತಾನೆ. ಇಂಗುದಿಯ ಹಿಂಡಿಗೆ ಬೋರೆಹಣ್ಣು ಬೆರೆಸಿ ದರ್ಭೆಯ ಮೇಲೆ ಪಿಂಡವಿಡುತ್ತಾನೆ, ನಾವು ಉಣ್ಣುವುದು ಇದೇ ಎನ್ನುತ್ತಾನೆ. ತಡವಾಗಿ ಬಂದ ಕೌಸಲ್ಯೆ ಆ ಪಿಂಡವನ್ನು ಕಂಡು, ಭೂಮಂಡಲವನ್ನು ಆಳಿದವನಿಗೆ ಇದೇ ಊಟವೇ ಎಂದು ಹಲುಬುತ್ತಾಳೆ. ಅಯೋಧ್ಯೆಯಲ್ಲಿ ಭರತ ಕೊಟ್ಟ ದಾನಗಳ ಪಟ್ಟಿ ದೊಡ್ಡದು: ಧನ, ರತ್ನ, ಹಸುಗಳು, ಮನೆಗಳು. ದಶರಥ ಬಯಸಿದ್ದು ರಾಮನ ಕೈಯ ತರ್ಪಣವನ್ನು, ಸಿಕ್ಕಿದ್ದು ಹಿಂಡಿಯ ಪಿಂಡ. ಆ ರಾತ್ರಿ ಅಣ್ಣತಮ್ಮಂದಿರು ಅಳುತ್ತಲೇ ಕಳೆದರು. ವಾದ ಆರಂಭವಾಗುವುದು ಮರುದಿನ ಬೆಳಗ್ಗೆ. ಇಲ್ಲಿಗೆ ನನ್ನ ಪ್ರತಿಪಾದನೆಯ ತಿರುಳನ್ನು ಹೇಳಬಹುದು. ವಾದಿಸುವ ಇಬ್ಬರು ಸೂತಕದ ಬೇರೆಬೇರೆ ದಿನಗಳಲ್ಲಿದ್ದಾರೆ. ಭರತನಿಗೆ ಹದಿಮೂರು ದಿನ ಕಳೆದಿದೆ, ಅವನು ಮುಂದಿನ ಮಾತಿಗೆ ಬಂದಿದ್ದಾನೆ. ರಾಮನಿಗೆ ತಂದೆ ಸತ್ತದ್ದು ನಿನ್ನೆ. ಹತ್ತು ದಿನ ಕಳೆದ ಮೇಲೆ ಸುದ್ದಿ ಕೇಳಿದವನಿಗೆ ಮೂರು ರಾತ್ರಿಯ ಅಶೌಚವೆಂದು ಮನು ವಿಧಿಸುತ್ತಾನೆ. ಆ ಲೆಕ್ಕದಲ್ಲೂ ರಾಮ ಅಶೌಚದ ಒಳಗೇ ಇದ್ದಾನೆ. ಇಲ್ಲಿಯೇ ಅಭಿಷೇಕ ನಡೆದುಹೋಗಲಿ ಎನ್ನುವ ಭರತ ಇದನ್ನು ಗಮನಿಸುವುದಿಲ್ಲ, ಅಥವಾ ಗಮನಿಸಲಾರ. ಒಬ್ಬನ ಶೋಕಕ್ಕೆ ತೀರ್ಮಾನ ಬೇಕು, ಇನ್ನೊಬ್ಬನ ಶೋಕಕ್ಕೆ ಕಾಲಾವಕಾಶ ಬೇಕು. ಸಂಘರ್ಷ ಹುಟ್ಟುವುದು ಈ ಅಂತರದಿಂದ.

ಭರತನ ಕೊನೆಯ ಅಸ್ತ್ರವನ್ನು ನೋಡಿದರೆ ಈ ಓದಿಗೆ ಬಲ ಬರುತ್ತದೆ. ಮಾತಿನಲ್ಲಿ ಸೋತ ಅವನು ಸುಮಂತ್ರನಿಗೆ ದರ್ಭೆ ಹಾಸು ಎನ್ನುತ್ತಾನೆ: ಸಾಲ ಕೊಟ್ಟು ಕೈಬರಿದಾದ ಬ್ರಾಹ್ಮಣನಂತೆ ಅಣ್ಣನ ಬಾಗಿಲಲ್ಲಿ ಉಪವಾಸ ಮಲಗುತ್ತೇನೆ. ಸುಮಂತ್ರ ರಾಮನ ಮುಖ ನೋಡುತ್ತ ನಿಲ್ಲುತ್ತಾನೆ. ಭರತ ತಾನೇ ಹಾಸಿಕೊಳ್ಳುತ್ತಾನೆ. ಇದು ಕ್ಷತ್ರಿಯನಿಗೆ ಸಲ್ಲದೆಂದು ರಾಮ ಎಬ್ಬಿಸುತ್ತಾನೆ. ಬೇಡುವವನು ಸಾಲಗಾರನ ಮುಂದೆ ಕೂರುವ ಸಾಹುಕಾರನ ಭಂಗಿಯನ್ನು ಯಾಕೆ ಹಿಡಿದ? ಭಕ್ತಿಯ ಚೌಕಟ್ಟಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ತನಗೆ ಬರಬೇಕಾದದ್ದು ಅಣ್ಣನಲ್ಲಿದೆ ಎಂದು ಅವನು ನಂಬಿದ್ದಾನೆ. ಆ ಬಾಕಿ ತನ್ನ ಪಿಂಡ ತಂದೆಗೆ ಮುಟ್ಟಿತೆಂಬ ನಿಶ್ಚಿಂತೆಯೇ ಇರಬೇಕೆಂದು ನಾನು ಊಹಿಸುತ್ತೇನೆ. ಈ ಊಹೆಯನ್ನು ಸಾಧ್ಯತೆಯ ಮಟ್ಟದಲ್ಲಿ ಮಾತ್ರ ಇಡುತ್ತೇನೆ: ಪಠ್ಯ ಅದಕ್ಕೆ ಅವಕಾಶ ಕೊಡುತ್ತದೆ, ಅದನ್ನು ಹೇಳುವುದಿಲ್ಲ, ಅಣ್ಣನ ಹಕ್ಕಿನ ಪ್ರಶ್ನೆ, ಲೋಕಾಪವಾದದ ಭಯ, ತಾಯಿಯ ಮೇಲಿನ ಸಿಟ್ಟು ಇವೂ ಅವನ ಮಾತಿನಲ್ಲಿ ಇವೆ, ಅವನ್ನು ಅಳಿಸುವ ಉದ್ದೇಶ ನನಗಿಲ್ಲ.

ಮೂರು ಆಕ್ಷೇಪಗಳು ಏಳಬಹುದು. ಮೊದಲನೆಯದು ಗಟ್ಟಿ: ದಶರಥನ ಷರತ್ತು ಭರತನಿಗೆ ಗೊತ್ತಿತ್ತೆಂದು ವಾಲ್ಮೀಕಿ ಎಲ್ಲೂ ಹೇಳಿಲ್ಲ. ನಿಜ. ಆದರೆ ಅದನ್ನು ಕೇಳಿದ ಇಬ್ಬರು ತಾಯಂದಿರೂ ಚಿತ್ರಕೂಟಕ್ಕೆ ಬಂದಿದ್ದಾರೆ. ಭರತನ ಆಣೆಗಳೆಲ್ಲ ಸಮ್ಮತಿ ಎಂಬ ಒಂದೇ ಅಂಶವನ್ನು ನಿರಾಕರಿಸುತ್ತವೆ. ಷರತ್ತು ನಿಂತಿರುವುದೂ ಅವನ ಸಂತೋಷದ ಮೇಲೆ. ಇದಕ್ಕಿಂತ ಮುಖ್ಯವಾದದ್ದು, ಕೇಳುಗನಿಗೆ ಅದು ಗೊತ್ತು. ಪಾತ್ರಕ್ಕೆ ತಿಳಿಯದ್ದನ್ನು ಕೇಳುಗ ತಿಳಿದಿರುವ ಕಡೆಯಲ್ಲೇ ಅರ್ಥಗಾರಿಕೆ ಹುಲುಸಾಗಿ ಬೆಳೆಯುತ್ತದೆ. ಎರಡನೆಯದು: ರಾಮನೇ ಚಿತ್ರಕೂಟದಲ್ಲಿ ಹೊರಗೆಡಹುವ ಸಂಗತಿಯಂತೆ, ಕೈಕೇಯಿಯ ಮದುವೆಯಲ್ಲಿ ದಶರಥ ರಾಜ್ಯವನ್ನೇ ಶುಲ್ಕವಾಗಿ ಕೊಡುವುದಾಗಿ ಅವಳ ತಂದೆಗೆ ಮಾತು ಕೊಟ್ಟಿದ್ದ. ಹಾಗಿದ್ದರೆ ವ್ಯಾಜ್ಯ ಶುದ್ಧ ಹಕ್ಕಿನದು, ಶೋಕದ್ದಲ್ಲ. ಮಲೆನಾಡಿನ ಕೇಳುಗರಿಗೆ ಈ ಅಂಶ ತುಂಬ ಪ್ರಿಯ. ಹಿಸ್ಸೆಯ ಮಾತು ಬಂದಾಗ ಹಳೆಯ ಕರಾರನ್ನು ಹೊರತೆಗೆಯುವ ಅಣ್ಣನನ್ನು ಅವರು ಕಂಡಿದ್ದಾರೆ. ಆದರೆ ರಾಮ ಈ ಕರಾರನ್ನು ತೆಗೆಯುವುದು ತನಗೆ ಬರಬೇಕಾದದ್ದನ್ನು ಬಿಡಲಿಕ್ಕೆ. ಹಕ್ಕಿನ ವಾದ ಇಲ್ಲಿ ದುಃಖಕ್ಕೆ ಮರೆಯಾಗಿ ನಿಂತಿದೆ. ನನ್ನ ವಾದಕ್ಕೆ ವಿರುದ್ಧವಾದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು: ಅಶೌಚದಲ್ಲಿರುವ ನನಗೆ ಅಭಿಷೇಕ ಸಲ್ಲದು ಎಂಬ ಅತ್ಯಂತ ಸುಲಭದ ಉತ್ತರವನ್ನು ರಾಮ ಬಳಸುವುದೇ ಇಲ್ಲ. ಸೂತಕದ ಲೆಕ್ಕವೇ ಕವಿಯ ಮನಸ್ಸಿನಲ್ಲಿದ್ದಿದ್ದರೆ ಅದು ಬಾರದಿರುತ್ತಿತ್ತೇ? ಪ್ರಾಯಶಃ ಆ ಉತ್ತರ ಮೂರು ದಿನಕ್ಕೆ ಸಾಕಾಗುತ್ತಿತ್ತು, ಹದಿನಾಲ್ಕು ವರ್ಷಕ್ಕಲ್ಲ.

ಮೂರನೆಯ ಆಕ್ಷೇಪ ನರಸಿಂಹರಾಜಪುರದ ಕಡೆಯಿಂದ ಬರುತ್ತದೆ ಎನ್ನಬಹುದು. ಹಿಂದೆ ಯಡೇಹಳ್ಳಿಯಾಗಿದ್ದ ಈ ಊರಿನ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯೂ ಜೈನಮಠವೂ ಇವೆ; ಶೃಂಗೇರಿ ಪೇಟೆಯಲ್ಲೇ ಹನ್ನೆರಡನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ. ವಿಮಲಸೂರಿಯಿಂದ ಬಂದು ಕನ್ನಡದಲ್ಲಿ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ಕ್ಕೆ ಇಳಿದ ಜೈನ ಪರಂಪರೆಯಲ್ಲಿ ದಶರಥ ಸಾಯುವುದಿಲ್ಲ, ದೀಕ್ಷೆ ಹಿಡಿಯುತ್ತಾನೆ. ಕೈಕೇಯಿ ರಾಜ್ಯ ಬೇಡುವುದು ಮಗನೂ ತಂದೆಯ ಹಿಂದೆ ಹೋಗಿಬಿಟ್ಟಾನೆಂಬ ಭಯಕ್ಕೆ. ಸಾವೇ ಇಲ್ಲದೆಯೂ ಅಣ್ಣತಮ್ಮಂದಿರ ಪ್ರಸಂಗ ಇಲ್ಲಿ ನಡೆಯುತ್ತದಲ್ಲ ಎಂಬುದು ಆಕ್ಷೇಪ. ನನ್ನ ಕಣ್ಣಿಗೆ ಇದು ಪ್ರಬಲ ಪುರಾವೆಯಾಗಿ ಕಾಣುತ್ತದೆ, ನನ್ನ ಪರವಾಗಿಯೇ. ಸಾವನ್ನು ತೆಗೆದ ಕೂಡಲೇ ವಾದದ ರೂಪ ಬದಲಾಯಿತು. ಇಲ್ಲಿ ಯಾರು ಬಿಟ್ಟು ಹೋಗಬಹುದು ಎಂಬುದು ಪ್ರಶ್ನೆ, ಯಾರ ಪಿಂಡ ಮುಟ್ಟುತ್ತದೆ ಎಂಬುದಲ್ಲ. ಹಿಂಡಿಯ ಪಿಂಡವಿಲ್ಲ, ಬಾಗಿಲ ಉಪವಾಸವಿಲ್ಲ. ವಿಮಲಸೂರಿಯಲ್ಲಿ ರಾಮ ಅರಸರೆದುರೇ ಭರತನಿಗೆ ಪಟ್ಟ ಕಟ್ಟಿ ವಿಷಯ ಮುಗಿಸುತ್ತಾನೆ.

ಈಗ ಧಾರಾವಾಹಿಗೆ ಮರಳಿದರೆ ಅದರ ಶೀರ್ಷಿಕೆಯ ಪಟ್ಟಿಯೇ ಕುತೂಹಲದ ದಾಖಲೆ. ವಾಲ್ಮೀಕಿ, ತುಲಸಿದಾಸ, ಕಂಬ, ಏಕನಾಥ, ಕೃತ್ತಿವಾಸ ಮೊದಲಾದ ಆಕರಗಳ ಸಾಲಿನಲ್ಲಿ ಕನ್ನಡದ ಪರವಾಗಿ ಅಲ್ಲಿ ಹೆಸರಿಸಿದ್ದು ನಾಗಚಂದ್ರನ ಪುರಾಣವನ್ನು. ತೊರವೆ ರಾಮಾಯಣವಲ್ಲ, 1949ರಲ್ಲಿ ಪ್ರಕಟವಾಗಿ 1967ರ ಜ್ಞಾನಪೀಠಕ್ಕೆ ಕಾರಣವಾದ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೂಡ ಅಲ್ಲ. ಹೆಸರು ಪಟ್ಟಿಯಲ್ಲಿದೆ, ಪರದೆಯ ಮೇಲೆ ದಶರಥ ಪುತ್ರಶೋಕದಿಂದ ಸಾಯುತ್ತಾನೆ. ಥಾಪರ್ ಹೇಳಿದ ಏಕರೂಪತೆಗೆ ಇದು ಒಳ್ಳೆಯ ನಿದರ್ಶನ. ಪಠ್ಯದ ಮಟ್ಟದಲ್ಲಿ ಅವರ ಮಾತು ಪೂರ್ತಿ ಸರಿ. ಚಿತ್ರಕೂಟದ ಕಂತುಗಳು ತುಲಸಿದಾಸರ ಹಾದಿ ಹಿಡಿದಿವೆ. ವಾಲ್ಮೀಕಿಯ ಚಿತ್ರಕೂಟದಲ್ಲಿ ಇಲ್ಲದ ಜನಕ ಇಲ್ಲಿಗೆ ಬರುತ್ತಾನೆ, ಪ್ರೇಮ ಮತ್ತು ಧರ್ಮಗಳ ನಡುವೆ ತೀರ್ಪು ಹೇಳುವ ಹಿರಿಯನಾಗುತ್ತಾನೆ. ಮಾವ ಬಂದು ಅಣ್ಣತಮ್ಮಂದಿರ ಪಂಚಾಯ್ತಿ ಮುಗಿಸಿದನೆಂಬಂತೆ ಜಗಳ ಗೌರವದಿಂದ ಬಗೆಹರಿಯುತ್ತದೆ. ಇಲ್ಲಿ ಮೂರನೆಯವನ ತೀರ್ಪು ಇರುವುದರಿಂದ ಸೂತಕದ ಅಂತರ ಕಾಣದಾಗುತ್ತದೆ: ಇಬ್ಬರೂ ಒಂದೇ ದುಃಖವನ್ನು ಒಂದೇ ಹೊತ್ತಿನಲ್ಲಿ ಅನುಭವಿಸುತ್ತಿರುವಂತೆ ಕ್ಯಾಮರಾ ಒಬ್ಬರ ಕಣ್ಣೀರಿನಿಂದ ಇನ್ನೊಬ್ಬರ ಕಣ್ಣೀರಿಗೆ ಹೋಗುತ್ತದೆ.

ಆದರೆ ತಾಳಮದ್ದಳೆ ಕೇಳಿ ಪಳಗಿದ ನೋಡುಗನಿಗೆ ಇದು ಪ್ರಮಾಣಪಾಠವಾಗಬೇಕಿಲ್ಲ. ಅವನು ಒಂದೇ ಪದ್ಯಕ್ಕೆ ಹತ್ತು ಅರ್ಥಧಾರಿಗಳ ಹತ್ತು ಅರ್ಥ ಕೇಳಿದವನು. ಹತ್ತಿರ ಹತ್ತಿರ ಕೂತ ಇಬ್ಬರಿಗೆ ಒಂದೇ ಭರತ ಬೇರೆಬೇರೆಯಾಗಿ ಒಗ್ಗುವುದು ಅವನಿಗೆ ಸಹಜ. ಸಂಜಯ್ ಜೋಗ್ ಹೇಳುವ ಹಿಂದಿ ಮಾತು ಅವನ ಪಾಲಿಗೆ ಹನ್ನೊಂದನೆಯ ಅರ್ಥ. ಚೆನ್ನಾಗಿದೆ ಎನ್ನಬಹುದು, ಪ್ರಶ್ನೆ ತಪ್ಪಿಸಿದ ಎನ್ನಲೂಬಹುದು. ವರ ಪಡೆದವಳ ಮಗನೇ ಬೇಡವೆಂದ ಮೇಲೆ ವರಕ್ಕೆ ಬೆಲೆಯೇನು ಎಂಬ ಎದುರು ಪ್ರಶ್ನೆಗೆ ಪರದೆಯ ಜನಕನ ತೀರ್ಪು ಉತ್ತರವಾಗುವುದಿಲ್ಲ. 2020ರ ಮಾರ್ಚ್ 28ರಿಂದ, ಊರೆಲ್ಲ ಮನೆಯೊಳಗೆ ಕೂತಿದ್ದ ಲಾಕ್‌ಡೌನ್ ದಿನಗಳಲ್ಲಿ, ಇದೇ ಧಾರಾವಾಹಿ ಮತ್ತೆ ಬಂದಾಗಲೂ ಎದುರು ಅರ್ಥದ ಈ ಅಭ್ಯಾಸ ಅಳಿದಿರಲಿಲ್ಲ. ಪಠ್ಯ ಏಕವಾದರೂ ಚರ್ಚೆ ಏಕವಾಗಲಿಲ್ಲ ಎಂಬುದು ಥಾಪರ್ ಅವರಿಗೆ ನನ್ನ ಉತ್ತರ. ಇದನ್ನು ಈ ಮೂರು ತಾಲ್ಲೂಕುಗಳಿಗೂ ಇವುಗಳಂತೆ ತಾಳಮದ್ದಳೆ ಬೇರುಬಿಟ್ಟ ಪ್ರದೇಶಕ್ಕೂ ಮಾತ್ರ ಅನ್ವಯಿಸಿ ಹೇಳುತ್ತಿದ್ದೇನೆ. ಇಲ್ಲಿಯೂ ಪ್ರೇಕ್ಷಕ ಒಬ್ಬನಲ್ಲ. ಹದಿಮೂರು ದಿನದ ಕ್ರಮ ಎಲ್ಲ ಜಾತಿಗಳದಲ್ಲ. ಆಸ್ತಿಯ ಪಾಲು ಎಂಬ ಮಾತೇ ಎದ್ದಿರದ ಕೂಲಿ ಮನೆಗಳಲ್ಲಿ ಭರತನ ತ್ಯಾಗ ಹೇಗೆ ಕೇಳಿಸಿತೆಂಬುದನ್ನು ತೋಟದ ಯಜಮಾನರ ಜಗಲಿಯಿಂದ ನಿರ್ಧರಿಸಲಾಗದು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿದ ಕುವೆಂಪು ಈ ಸನ್ನಿವೇಶದ ಬುಡಕ್ಕೇ ಕೈಹಾಕಿದವರು. ವಾಲ್ಮೀಕಿಯಲ್ಲಿ ಶತ್ರುಘ್ನ ಮಂಥರೆಯನ್ನು ನೆಲದ ಮೇಲೆ ಎಳೆದಾಡುತ್ತಾನೆ, ಹೆಣ್ಣನ್ನು ಕೊಂದರೆ ರಾಮ ನಮ್ಮ ಮುಖ ನೋಡುವುದಿಲ್ಲವೆಂದು ಭರತ ಬಿಡಿಸುತ್ತಾನೆ. ಶೋಕಕ್ಕೆ ಒಂದು ಹೊರಗಿನ ಗುರಿ ಸಿಕ್ಕಿ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ದೂರುವ ಹೊತ್ತು ಮುಂದಕ್ಕೆ ಹೋಗುತ್ತದೆ. ಕುವೆಂಪು ಮಂಥರೆಯ ಸಂಚಿಕೆಗೆ ‘ಮಮತೆಯ ಸುಳಿ ಮಂಥರೆ’ ಎಂದು ಹೆಸರಿಟ್ಟು ಆ ಗುರಿಯನ್ನೇ ಕಿತ್ತುಹಾಕಿದರು. ದೂರಲು ಯಾರೂ ಉಳಿಯದ ಮನೆಯಲ್ಲಿ ದುಃಖ ಎತ್ತ ತಿರುಗುತ್ತದೆ? ಧಾರಾವಾಹಿಗೆ ಲಲಿತಾ ಪವಾರರ ಮಂಥರೆ ಬೇಕೇಬೇಕಿತ್ತು. ಕುವೆಂಪು ಓದಿದ ಮಲೆನಾಡಿನ ನೋಡುಗನಿಗೆ ಅವಳನ್ನು ಅಷ್ಟು ಸಲೀಸಾಗಿ ದ್ವೇಷಿಸುವುದು ಕಷ್ಟವಾಗಿರಬೇಕೆಂದು ಹೇಳಲು ಆಸೆಯಾಗುತ್ತದೆ. ಕಾವ್ಯದ ಓದುಗರೂ ಧಾರಾವಾಹಿಯ ನೋಡುಗರೂ ಎಷ್ಟರ ಮಟ್ಟಿಗೆ ಒಂದೇ ಜನ ಎಂಬುದು ತಿಳಿಯುವವರೆಗೆ ಈ ಆಸೆಯನ್ನು ಹಿಡಿದಿಟ್ಟುಕೊಳ್ಳುವುದೇ ಸರಿ.

ಮುಂದೆ ನೋಡಬೇಕಾದ ಎರಡು ವಿಷಯಗಳಿವೆ. ಚಿತ್ರಕೂಟದ ಪದ್ಯಗಳ ನಡುವೆ ಪಿಂಡದ ಸಂದರ್ಭಕ್ಕೆ ಅರ್ಥಧಾರಿಗಳು ಎಷ್ಟು ಜಾಗ ಕೊಡುತ್ತಾರೆ, 1988ರ ನಂತರ ಅದು ಹಿಗ್ಗಿತೇ ಕುಗ್ಗಿತೇ ಎಂಬುದನ್ನು ಖಾಸಗಿ ಸಂಗ್ರಹಗಳಲ್ಲಿರುವ ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನು ಸಾಲಾಗಿಟ್ಟು ಕೇಳಿದರೆ ಗೊತ್ತಾಗುತ್ತದೆ. ಏಕರೂಪತೆಯ ವಾದಕ್ಕೆ ಅದಕ್ಕಿಂತ ಒಳ್ಳೆಯ ಒರೆಗಲ್ಲು ಬೇರೆಯಿಲ್ಲ. ಇನ್ನೊಂದು ಶೃಂಗೇರಿಗೆ ಹತ್ತು ಕಿಲೋಮೀಟರ್ ದೂರದ ಕಿಗ್ಗದ್ದು. ದಶರಥನಿಗೆ ಮಕ್ಕಳಾಗಲೆಂದು ಇಷ್ಟಿ ನಡೆಸಿದ ಋಷ್ಯಶೃಂಗನ ಗುಡಿ ಅಲ್ಲಿದೆ, ಮಳೆಗಾಗಿ ಜನ ಇಂದಿಗೂ ಹರಕೆ ಹೊರುತ್ತಾರೆ. ಅವನ ಹೆಂಡತಿ ಶಾಂತೆಯನ್ನು ಭವಭೂತಿ ದಶರಥನ ಸ್ವಂತ ಮಗಳೆಂದೇ ಎಣಿಸುತ್ತಾನೆ. ತಂದೆಯ ಸಾವಿನ ಸುದ್ದಿ ಹಿರಿಯ ಮಗಳಿಗೆ ಯಾವಾಗ ಮುಟ್ಟಿತು, ಅವಳ ಸೂತಕ ಎಷ್ಟು ದಿನದ್ದು ಎಂದು ಯಾವ ರಾಮಾಯಣವಾದರೂ, ಯಾವ ಅರ್ಥಧಾರಿಯಾದರೂ ಕೇಳಿದ್ದುಂಟೇ ಎಂಬುದು ಹುಡುಕಿ ನೋಡಬೇಕಾದ ವಿಷಯ.